ಪುಂಡಿ ಪಲ್ಯದ ರಾಜ್ಯಶಾಸ್ತ್ರ

ಮೂವತ್ತು ವರ್ಷ ಗಂಗಾವತಿಯಲ್ಲಿ ರಾಜ್ಯಶಾಸ್ತ್ರ ಕಲಿಸಿದ ನಾನು ನಿವೃತ್ತನಾದ ಮೇಲೆ ಒಂದು ತಪ್ಪೊಪ್ಪಿಕೊಳ್ಳಬೇಕು: ರಾಷ್ಟ್ರರಾಜ್ಯಕ್ಕೂ ಬಹುರಾಷ್ಟ್ರೀಯ ರಾಜ್ಯಕ್ಕೂ ಇರುವ ವ್ಯತ್ಯಾಸ ನನಗೇ ಗೊತ್ತಿರಲಿಲ್ಲ. ಒಂದೇ ಜನ, ಒಂದೇ ನುಡಿ ಇದ್ದರೆ ಮೊದಲನೆಯದು. ಹಲವು ಜನ ಒಂದೇ ಸೂರಿನಡಿ ಬಾಳಿದರೆ ಎರಡನೆಯದು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು, ಪಾಸೂ ಆಗುತ್ತಿದ್ದರು. ತಿಳಿಯದೆ ಪಾಸಾಗುವುದು ಅವರಿಗೆ, ತಿಳಿಯದೆ ಕಲಿಸುವುದು ನನಗೆ ರೂಢಿಯಾಗಿತ್ತು.

ಹಾಗೆ ನೋಡಿದರೆ ಉದಾಹರಣೆ ಹುಡುಕಿಕೊಂಡು ಯುರೋಪಿಗೆ ಹೋಗಬೇಕಾಗಿರಲಿಲ್ಲ. ನಿಜಾಮರ ಕಾಲದಲ್ಲಿ ಯಲಬುರ್ಗಾದಲ್ಲಿ ಓದಿದ ನಮ್ಮಪ್ಪ ಅರ್ಜಿ ಬರೆಯುತ್ತಿದ್ದುದು ಉರ್ದುವಿನಲ್ಲಿ, ಅರ್ಜಿ ತಿರಸ್ಕಾರವಾದಾಗ ಬೈಯುತ್ತಿದ್ದುದು ಕನ್ನಡದಲ್ಲಿ. ಮುಂದೆ ಕಾಲುವೆಗೆ ನೀರು ಬಂತು. ನೀರಿನ ಹಿಂದೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿಕೊಂಡು ಭತ್ತ ಬೆಳೆದರು. ಅಂಥ ಕ್ಯಾಂಪಿನ ತೆಲುಗು ಮನೆಯೊಂದರಿಂದಲೇ ನಮಗೆ ಸೊಸೆ ಬಂದಳು, ಸುಜಾತ.

ಮೊದಲ ವಾರವೇ ನನ್ನ ಹೆಂಡತಿ ಅವಳ ಕೈಗೆ ಒಂದು ಕಟ್ಟು ಪುಂಡಿ ಸೊಪ್ಪು ಕೊಟ್ಟು, ಪಲ್ಯ ಮಾಡು ಅಂದಳು. ನಮ್ಮಲ್ಲಿ ಪುಂಡಿ ಎಂದರೆ ಜೋಳದ ನುಚ್ಚು ಹಾಕಿ ಮೆತ್ತಗೆ ಕುದಿಸಿ ರೊಟ್ಟಿಗೆ ಹಚ್ಚಿಕೊಳ್ಳುವುದು. ಅವಳ ತವರಿನಲ್ಲಿ ಅದೇ ಸೊಪ್ಪು ಗೋಂಗೂರ. ಎಣ್ಣೆಯಲ್ಲಿ ಹುರಿದು, ಮೆಣಸಿನಕಾಯಿ, ಬೆಳ್ಳುಳ್ಳಿ ಕೂಡಿಸಿ ರುಬ್ಬಿ ಅನ್ನಕ್ಕೆ ಕಲಸಿಕೊಳ್ಳುವುದು. ಅವಳು ರುಬ್ಬಿಟ್ಟಳು.

"ಪಲ್ಯಾ ಮಾಡಂದ್ರ ಉಪ್ಪಿನಕಾಯಿ ಮಾಡಿಯಲ್ಲ ಯವ್ವಾ! ನೀವರ ಹೇಳ್ರಿ," ಎಂದು ಹೆಂಡತಿ ನನ್ನ ಮುಂದೆ ದಾವೆ ಹೂಡಿದಳು.

ನಾನು ಕನ್ನಡಕ ಸರಿಪಡಿಸಿಕೊಂಡು, "ಈ ಮನ್ಯಾಗ ಪುಂಡಿ ಅಂದ್ರ ನುಚ್ಚು ಹಾಕಿದ್ದು" ಎಂದು ತೀರ್ಪು ಕೊಟ್ಟೆ.

"ಆಯ್ತ್ರಿ ಮಾವಾರ," ಅಂದಳು ಸುಜಾತ. ಅಂದಿನಿಂದ ಎಲ್ಲದಕ್ಕೂ "ಆಯ್ತ್ರಿ". ನುಚ್ಚಿನ ಪಲ್ಯವನ್ನು ಸೊಗಸಾಗಿ ಮಾಡುತ್ತಿದ್ದಳು. ನಮ್ಮೊಡನೆ ಕೂತು ಅರ್ಧ ರೊಟ್ಟಿ ತಿಂದು ಎದ್ದುಬಿಡುತ್ತಿದ್ದಳು. ಮನೆಯಲ್ಲಿ ಎಂಥ ಶಾಂತಿ ಎಂದು ನಾನು ಮೂರು ತಿಂಗಳು ಬೀಗಿದೆ.

ಒಂದು ಮಧ್ಯಾಹ್ನ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅಕ್ಕಿ ಚೀಲದ ಮರೆಯಲ್ಲಿ ಸುಜಾತ ಒಬ್ಬಳೇ ಕೂತು ಅನ್ನ ಕಲಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ತವರಿನಿಂದ ಬಂದ ಗೋಂಗೂರದ ಬಾಟಲಿ. ನನ್ನನ್ನು ಕಂಡದ್ದೇ ಅದನ್ನು ಸೆರಗಿನಲ್ಲಿ ಮುಚ್ಚಿದಳು. ಪರರ ಮನೆಯಲ್ಲಿ ಕದ್ದು ತಿಂದು ಸಿಕ್ಕಿಬಿದ್ದವಳ ಮುಖ. ಮನೆಯೋ ಅವಳದೇ.

ನನ್ನ ಪಾಠ ನನಗೆ ಆಗ ತಿಳಿಯಿತು. ಹಲವು ಬಗೆಯ ಜನ ಎರಡೂ ರಾಜ್ಯಗಳಲ್ಲಿ ಇದ್ದೇ ಇರುತ್ತಾರೆ. ಯಾವುದು ಯಾವ ರಾಜ್ಯ ಎಂದು ತಿಳಿಯಲು ಬಾಟಲಿ ಚೀಲದ ಹಿಂದಿದೆಯೋ, ಎಲ್ಲರ ಕಣ್ಣಿಗೆ ಬೀಳುವ ಗೋಡೆಗೂಡಿನಲ್ಲಿದೆಯೋ ಎಂಬುದನ್ನು ನೋಡಬೇಕು.

ಮರುದಿನ ಊಟಕ್ಕೆ ಕೂತಾಗ, "ಸುಜಾತಾ, ಆ ಬಾಟ್ಲಿ ತಾರವ್ವ. ನನ್ನ ತೀರ್ಪು ತಪ್ಪಾಗೈತಿ" ಅಂದೆ.

ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿ, ಸುಜಾತ ತಂದಿಟ್ಟ ಬಾಟಲಿಯಿಂದ ರೊಟ್ಟಿಯ ತುದಿಗೆ ಒಂದಿಷ್ಟು ಹಚ್ಚಿಕೊಂಡು ತಿಂದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. "ಛಲೋ ಐತಿ. ಆದ್ರ ಎಣ್ಣಿ ಭಾಳಾತು."

ನಾನು "ಆಯ್ತ್ರಿ"ಗಾಗಿ ಕಾದೆ.

"ಎಲ್ಲಿ ಭಾಳಾತ್ರಿ ಅತ್ತಿ? ಕಡಿಮಿ ಹಾಕಿದ್ರ ಬೂಷ್ಟು ಹಿಡಿತೈತಿ. ನಿಮ್ಮ ನುಚ್ಚಿನ ಪಲ್ಯಾನ ನಾಕ ದಿನ ಇಡ್ರಿ ನೋಡೂಣು!"

ಅತ್ತೆ ಸೊಸೆ ವಾದಕ್ಕೆ ನಿಂತರು. ಮೂರು ತಿಂಗಳಲ್ಲಿ ಸುಜಾತ ಮೊದಲ ಬಾರಿ ಎರಡನೇ ರೊಟ್ಟಿಗೆ ಕೈ ಹಾಕಿದ್ದಳು. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿ, ನೀವೇ ಹೇಳಿ ಅಂದರು. ನಾನು ತಟ್ಟೆಯ ಒಂದು ಕಡೆ ಪಲ್ಯ, ಇನ್ನೊಂದು ಕಡೆ ಗೋಂಗೂರ ಹಾಕಿಕೊಂಡು, ದೊಡ್ಡದೊಂದು ರೊಟ್ಟಿ ತುಂಡನ್ನು ಬಾಯಿಗೆ ತುರುಕಿಕೊಂಡೆ. ಬಾಯಿ ತುಂಬಿರುವ ನ್ಯಾಯಾಧೀಶನೇ ಬಹುರಾಷ್ಟ್ರೀಯ ರಾಜ್ಯಕ್ಕೆ ಲೇಸು ಎಂದು ಯಾವ ಪಠ್ಯಪುಸ್ತಕದಲ್ಲೂ ಬರೆದಿಲ್ಲ.