ಇಟ್ಟಮಡುವಿಗೆ ಕ್ಷಮಿಸಲು ಹೋದದ್ದು

ಶಿಷ್ಯನಾಗುವ ಯೋಗ ನನಗೆ ಒದಗಿ ಬಂದದ್ದು ಅರುವತ್ತೇಳನೆಯ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ನಾನು ಬರೀ ಕ್ರೈಸ್ತನಾಗಿದ್ದೆ. ಎಳೆಗೂಸಾಗಿದ್ದಾಗ ದೀಕ್ಷಾಸ್ನಾನ, ಹದಿನಾರಕ್ಕೆ ಚರ್ಚಿನ ಪೂರ್ಣ ಸದಸ್ಯನಾಗುವ ಸ್ಥಿರೀಕರಣ, ಮೂವತ್ತು ವರ್ಷ ಕನ್ನಡ ಗಾಯನವೃಂದದ ಹಿಂದಿನ ಸಾಲಿನಲ್ಲಿ ನಿಂತು ಹಾಡಿದ್ದು. ಇಷ್ಟು ಸಾಕೆಂದು ತಿಳಿದು ನೆಮ್ಮದಿಯಾಗಿದ್ದೆ. ಸಾಲದು ಎಂದು ತಿಳಿಸಿದವರು ಬಿಟಿಎಂ ಲೇಔಟಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಒಬ್ಬ ಬ್ರದರ್. ವಯಸ್ಸು ಮೂವತ್ತೈದಿರಬಹುದು. ಕಂಪನಿಗಳಲ್ಲಿ ತರಬೇತಿ ಕೊಡುವುದು ಅವರ ಕಸುಬು. ಆ ಕಸುಬಿನವರಿಗೆ ಇರುವ ಮುಗುಳ್ನಗೆ ಅವರಿಗೂ ಇತ್ತು. ಅದು ಯಾವ ಕಾರಣಕ್ಕೂ ನಿಲ್ಲುತ್ತಿರಲಿಲ್ಲ.

ನಮ್ಮ ಚರ್ಚ್ ಜಯನಗರದಲ್ಲಿ. ಶಿಷ್ಯತ್ವದ ತರಗತಿ ಮಾತ್ರ ಜೆ.ಪಿ. ನಗರದ ಒಂದು ಬಾಡಿಗೆ ಹಾಲಿನಲ್ಲಿ, ಶನಿವಾರ ಸಂಜೆ ಐದಕ್ಕೆ. ಮೊದಲ ಮಹಡಿ. ಕೆಳಗೆ ಕಟ್ಟಡದ ಮಾಲೀಕರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಅದು ಅವರ ತಾತ ರಾಗಿ ಬಿತ್ತಿದ ನೆಲವಾದ್ದರಿಂದ, ಅಲ್ಲಿ ಈಗ ಏನು ಬೆಳೆಯುತ್ತಿದೆ ಎಂದು ತಿಳಿಯುವ ಹಕ್ಕು ತಮಗಿದೆಯೆಂದು ಅವರ ಭಾವನೆ.

"ಸಾರ್, ಮೇಲೆ ಪ್ರೇಯರ್ರಾ, ಜಗಳನಾ?" ಎಂದು ಒಂದು ಶನಿವಾರ ಕೇಳಿದರು.

"ಯಾಕೆ?"

"ಇಲ್ಲ, ಪ್ರೇಯರ್ ಆದ್ರೆ ಪರ್ವಾಗಿಲ್ಲ. ಜಗಳ ಆದ್ರೆ ಎಂಟು ಗಂಟೆ ಒಳಗೆ ಮುಗಿಸ್ಕೊಳಿ."

ಜಗಳವೇ. ಆದರೆ ಅದಕ್ಕೆ ಮೊದಲು ನನ್ನ ಸ್ವಂತ ಜಗಳವನ್ನು ಹೇಳಬೇಕು. ಹೆಂಡತಿ ತೀರಿಕೊಂಡ ಮೇಲೆ ನನ್ನವರೆಂದು ನನಗೆ ಉಳಿದದ್ದು ಅಕ್ಕ ಒಬ್ಬಳೇ. ನಾನು ಬನಶಂಕರಿಯಲ್ಲಿ, ಅವಳು ಇಟ್ಟಮಡುವಿನಲ್ಲಿ. ನಡೆದರೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷವನ್ನು ನಾನು ನಾಲ್ಕು ವರ್ಷ ನಡೆದಿರಲಿಲ್ಲ. ಕಾರಣ ಅವಳ ಗಂಡ, ನನ್ನ ಭಾವ. ಚರ್ಚಿನ ಕಮಿಟಿಯಲ್ಲಿ ಕನ್ನಡ ಆರಾಧನೆಯನ್ನು ಎಂಟೂವರೆಯಿಂದ ಬೆಳಿಗ್ಗೆ ಆರೂವರೆಗೆ ತಳ್ಳಿ, ಆ ಹೊತ್ತನ್ನು ಇಂಗ್ಲಿಷಿಗೆ ಕೊಡುವ ಪ್ರಶ್ನೆ ಬಂದಾಗ ಕೈ ಎತ್ತಿದವರಲ್ಲಿ ಭಾವ ಒಬ್ಬರು. ಆರೂವರೆಗೆ ದೇವರು ಎದ್ದಿರುತ್ತಾನೆ, ಸರಿ. ಹಿಂದಿನ ಸಾಲಿನ ಗಂಟಲುಗಳು ಎದ್ದಿರುವುದಿಲ್ಲ. ಎರಡು ವರ್ಷ ಭಾವನ ಜೊತೆ ಮಾತು ಬಿಟ್ಟೆ. ಅನಂತರ ಅವರ ಮಗಳ ಮದುವೆ ಬಂತು. ಆರಾಧನೆಯ ಕ್ರಮ ಪೂರ್ತಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನಾನು ಹೋಗಲಿಲ್ಲ. ನಮ್ಮ ಮನೆತನಗಳಲ್ಲಿ ಮದುಮಗಳನ್ನು ಕಾರಿನಿಂದ ಇಳಿಸಿ ಚರ್ಚಿನ ಬಾಗಿಲವರೆಗೆ ಕರೆತರುವವನು ಸೋದರಮಾವ. ಆ ಕೆಲಸವನ್ನು ಅಂದು ಗಾಯನವೃಂದದ ಒಬ್ಬ ಪರಿಚಿತರು ಮಾಡಿದರಂತೆ. ಚೆನ್ನಾಗಿಯೇ ಮಾಡಿದರೆಂದು ಕೇಳಿದೆ.

ಈಗ ತರಗತಿಗೆ ಬರೋಣ. ಹತ್ತು ವಾರ, ಒಬ್ಬರೇ ಒಬ್ಬ ಮಿಶನರಿಯ ಜೀವನ. ನಮ್ಮ ಸೀಮೆಗೆ ಮೊದಮೊದಲು ಬಂದವರಲ್ಲಿ ಒಬ್ಬರು. ಹಡಗಿಳಿದು, ಎತ್ತಿನ ಗಾಡಿ ಹತ್ತಿ, ಒಬ್ಬ ಪಂಡಿತರ ಮುಂದೆ ಕೂತು ನಮ್ಮ ಅಕ್ಷರ ತಿದ್ದಿದವರು. ದಿನಚರಿ ಬರೆಯುತ್ತಿದ್ದರು. ಅದರ ಹಳೆಯ ಕನ್ನಡ ಅನುವಾದದ ಜೆರಾಕ್ಸ್ ಕಂತೆಯೊಂದನ್ನು ಬ್ರದರ್ ನನ್ನ ಕೈಗೆ ಕೊಟ್ಟರು. "ಅಂಕಲ್, ನಿಮ್ ಕನ್ನಡ ಪ್ಯೂರ್ ಇದೆ, ನೀವೇ ಓದಿ." ಅವರು ಸ್ಲೈಡ್ ತೋರಿಸುವುದು, ನಾನು ಓದುವುದು.

ಆ ದಿನಚರಿಯ ಮನುಷ್ಯ ನನಗೆ ಮೊದಲು ಇಷ್ಟವಾಗಲಿಲ್ಲ. ಸೆಖೆಯ ಮೇಲೆ ದೂರು, ಅಡುಗೆಯ ಮೇಲೆ ದೂರು, ಸಹೋದ್ಯೋಗಿಗಳ ಮೇಲೆ ಪುಟಗಟ್ಟಲೆ ದೂರು. ಬ್ರದರ್ ಅವರ ಸ್ಲೈಡುಗಳಲ್ಲಿ ಇದಾವುದೂ ಇರಲಿಲ್ಲ. ಅಲ್ಲಿ ಆ ಮಹನೀಯರು ಸೂರ್ಯೋದಯದ ಚಿತ್ರದ ಮುಂದೆ ಗಡ್ಡ ಬಿಟ್ಟು ನಿಂತಿದ್ದರು. ಮೂರನೆಯ ವಾರದ ಹೊತ್ತಿಗೆ ನನಗೆ ದೂರುಗಳ ಮನುಷ್ಯನೇ ಹತ್ತಿರವಾಗತೊಡಗಿದ.

ಐದನೆಯ ವಾರ ಅವರ ಒಂದು ಪದ್ಧತಿ ಬಂತು. ಕರ್ತನ ಭೋಜನಕ್ಕೆ ಮುಂಚಿನ ಶುಕ್ರವಾರ ಸಭೆಯವರೆಲ್ಲ ಅವರ ಜಗುಲಿಗೆ ಬಂದು ಹೆಸರು ಬರೆಸಬೇಕು. ಅವರು ಕೇಳುವುದು ಒಂದೇ ಮಾತು: ಯಾರೊಂದಿಗಾದರೂ ಮನಸ್ತಾಪ ಉಂಟೋ? ಉಂಟು ಎಂದವನ ಹೆಸರು, ಅದು ತೀರುವ ತನಕ ಪುಸ್ತಕಕ್ಕೆ ಏರುತ್ತಿರಲಿಲ್ಲ. ಭಾನುವಾರ ರೊಟ್ಟಿ, ದ್ರಾಕ್ಷಾರಸ ಹಂಚುವಾಗ ಅವನು ಬೆಂಚಿನಲ್ಲೇ ಕೂರಬೇಕು. ಬ್ರದರ್ ಅವರಿಗೆ ಇದು ಬಹಳ ಹಿಡಿಸಿತು. ನಮ್ಮ ಚರ್ಚಿನ ಪಾದ್ರಿ ಅಯ್ಯನವರಿಗೆ ಹೇಳಿದರು. ಅಯ್ಯನವರಿಗೂ ಹಿಡಿಸಿತು. ಮುಂದಿನ ಭೋಜನಕ್ಕೆ ಹಾಗೆಯೇ ಮಾಡುವುದೆಂದು ಎರಡು ಭಾಷೆಗಳಲ್ಲಿಯೂ ಪ್ರಕಟವಾಯಿತು. ಆ ದಿನ ಎರಡೂ ಸಭೆಗಳು ಸೇರಿ ಒಂದೇ ಆರಾಧನೆ.

ತಯಾರಿಯಾಗಿ ಬ್ರದರ್ ನಮಗೆ ಹೋಮ್‌ವರ್ಕ್ ಕೊಟ್ಟರು. "ಈ ವಾರ ಪ್ರತಿಯೊಬ್ಬರೂ ಒಬ್ಬರನ್ನ ಕ್ಷಮಿಸಿ ಬರ್ಬೇಕು. ಫೇಸ್ ಟು ಫೇಸ್."

ಜಯನಗರದಿಂದ ಜೆ.ಪಿ. ನಗರದವರೆಗೆ ಇಂಥ ವಾರ ಹಿಂದೆ ಬಂದಿರಲಾರದು. ನಿವೃತ್ತ ಟೀಚರೊಬ್ಬರು ಸೊಸೆಯನ್ನು ಕ್ಷಮಿಸಿದರು. "ಯಾವುದಕ್ಕೆ ಅತ್ತೆ?" ಎಂದು ಆ ಹುಡುಗಿ ಕೇಳಿದಳು. ಟೀಚರ್ ಪಟ್ಟಿಯನ್ನು ಹೇಳಿದರು. ಮರುದಿನದಿಂದ ಅವರ ದೋಸೆಯನ್ನು ಅವರೇ ಹುಯ್ದುಕೊಳ್ಳಬೇಕಾಯಿತು. ಗಾಯನವೃಂದದ ಇಬ್ಬರು ಒಬ್ಬರನ್ನೊಬ್ಬರು ಕ್ಷಮಿಸಲು ಒಂದೇ ಗಳಿಗೆಯಲ್ಲಿ ಫೋನ್ ಮಾಡಿ, ಇಬ್ಬರಿಗೂ ಎಂಗೇಜ್ ಸಿಕ್ಕಿ, ಇನ್ನೊಬ್ಬರು ಬೇಕೆಂದೇ ಫೋನ್ ತೆಗೆಯಲಿಲ್ಲವೆಂದು ಹೊಸದಾಗಿ ಮುನಿದರು. ಕ್ಷಮೆಯನ್ನು ಇಷ್ಟು ಧಾರಾಳವಾಗಿ ಹಂಚಿದ್ದೇ ತಪ್ಪಾಯಿತು. ಕೆಳಗಿನ ಮಾಲೀಕರು ಪ್ರಶ್ನೆ ಕೇಳಿದ್ದು ಅದರ ಮುಂದಿನ ಶನಿವಾರ.

ನಾನು ಇಟ್ಟಮಡುವಿಗೆ ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಹೋದೆ; ಕ್ಷಮಿಸುವವನಿಗೆ ಒಂದು ಗಾಂಭೀರ್ಯ ಬೇಕು. ಭಾವ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದರು. ಅಕ್ಕ ಬಾಗಿಲು ತೆಗೆದು, ನನ್ನ ಮುಖ ನೋಡಿ, ಕಾಫಿಗೆ ಒಳಗೆ ಹೋದಳು.

"ಭಾವ, ನಿಮ್ಮನ್ನ ಕ್ಷಮಿಸಿದೀನಿ," ಎಂದೆ.

ಅವರು ಪೇಪರ್ ಮಡಿಸಲಿಲ್ಲ. "ಯಾವುದಕ್ಕೆ?"

"ಕನ್ನಡ ಆರಾಧನೆನ ಆರೂವರೆಗೆ ತಳ್ಳಿದ್ದಕ್ಕೆ."

"ಅದು ಕಮಿಟಿ ಮಾಡಿದ್ದು ಕಣಯ್ಯ."

"ಕೈ ಎತ್ತಿದ್ದು ನೀವು."

"ಏಳು ಜನ ಎತ್ತಿದ್ರು. ಉಳಿದ ಆರು ಜನದ ಮನೆಗೆ ಹೋಗಿ ಬಂದ್ಯಾ, ಇಲ್ಲಿಂದ ಶುರುನಾ?"

"ಮದುವೆನ ಇಂಗ್ಲಿಷಲ್ಲಿ ಮಾಡಿದ್ದಕ್ಕೂ ಕ್ಷಮಿಸಿದೀನಿ."

"ಅಳಿಯ ಮಲಯಾಳಿ. ಕನ್ನಡದಲ್ಲಿ ಮಾಡಿದ್ರೆ ಯಾವುದಕ್ಕೆ ಹೂಂ ಅಂದೆ ಅಂತ ಅವನಿಗೇ ತಿಳೀತಿರ್ಲಿಲ್ಲ. ಆಮೇಲೆ ತಿಳಿದು ಕೇಸ್ ಹಾಕಿದ್ರೆ ನೀನು ಬರ್ತಿದ್ಯಾ ಕೋರ್ಟಿಗೆ?" ಪೇಪರನ್ನು ಈಗ ಮಡಿಸಿದರು. "ನೋಡು, ನಿನ್ನ ನಾನೇ ಕ್ಷಮಿಸೋಣ ಅಂತಿದ್ದೆ. ಈ ಕ್ರಿಸ್ಮಸ್ಸಿಗೆ. ನೀನು ಮುಂಚೆ ಬಂದು ಕೆಡಿಸ್ದೆ."

"ನನ್ನನ್ನ ಕ್ಷಮಿಸೋಕೆ ನೀವ್ಯಾರು?"

"ನನ್ನ ಕ್ಷಮಿಸೋಕೆ ನೀನು ಯಾರೋ, ನಾನೂ ಅವನೇ."

ಅಕ್ಕ ಕಾಫಿ ತಂದಿಟ್ಟಳು. ಅವಳು ನನ್ನನ್ನು ನೋಡದೆ ಹೇಳಿದಳು: "ಆವತ್ತು ಫೋಟೋದವನು ಎರಡು ಸಲ ಕೇಳ್ದ, ಸೋದರಮಾವ ಎಲ್ಲಿ ಅಂತ. ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿದಾನೆ ಅಂದೆ. ಬನಶಂಕರಿಯಿಂದ ಜಯನಗರಕ್ಕೆ. ಅವನು ನಕ್ಕ."

ಲೋಟ ಹಾಗೇ ಬಿಟ್ಟು ಎದ್ದು ಬಂದೆ. ಬರುವಾಗ ದಾರಿಯುದ್ದಕ್ಕೂ ಭಾವನನ್ನು ಬೈದುಕೊಂಡೆ. ಬೈಗುಳ ಮುಗಿದರೂ ಮನೆ ಬರಲಿಲ್ಲ.

ಮುಂದಿನ ಶನಿವಾರ ಓದಬೇಕಾದ ಪುಟವನ್ನು ಬ್ರದರ್ ಮೊದಲೇ ಗುರುತು ಹಾಕಿದ್ದರು. ಒಂದು ಸಲ ಆ ಮಿಶನರಿ ತಮ್ಮ ಮನೆಗೆ ನೀರು ತರುವವನನ್ನು ಜನರ ಮುಂದೆ ಕೆಟ್ಟದಾಗಿ ಬೈದರು. ಆ ಶುಕ್ರವಾರ ಎಲ್ಲರ ಹೆಸರು ಬರೆದುಕೊಂಡು, ಕೊನೆಗೆ ತಮ್ಮ ಹೆಸರು ಬರೆಯಲು ಹೋಗಿ ಕೈ ನಿಂತಿತು. ನೀರಿನವನ ಮನೆಗೆ ಹೋದರು. ಅವನು ಮನೆಯಲ್ಲಿದ್ದರೂ ಹೊರಗೆ ಬರಲಿಲ್ಲ. ಶನಿವಾರ ಮತ್ತೆ ಹೋದರು, ಬರಲಿಲ್ಲ. ಭಾನುವಾರ ಅವರು ರೊಟ್ಟಿ ಮುರಿದು ಎಲ್ಲರಿಗೂ ಕೊಟ್ಟು, ತಾವು ತಿನ್ನದೆ, ಬಟ್ಟಲು ಒರೆಸಿಟ್ಟರು. ಅದನ್ನು ಎರಡು ಸಾಲಿನಲ್ಲಿ ಬರೆದಿದ್ದಾರೆ. ಆಮೇಲೆ ಮತ್ತೆ ಸೆಖೆಯ ಮೇಲೆ ದೂರು.

ನಾನು ಓದಿ ಮುಗಿಸಿದೆ. ಸ್ಲೈಡಿನ ಮೇಲೆ ಸೂರ್ಯ ಹುಟ್ಟಿದ. ಕೆಳಗೆ 'ಕ್ಷಮಿಸೋಣ' ಎಂದಿತ್ತು.

"ಬ್ರದರ್, ಅವರು ಕ್ಷಮಿಸೋಕೆ ಹೋಗ್ಲಿಲ್ಲ," ಎಂದೆ. "ಕೇಳೋಕೆ ಹೋದ್ರು."

"ಸೇಮ್ ಥಿಂಗ್ ಅಂಕಲ್."

"ಸೇಮ್ ಅಲ್ಲ. ನೀವು ಒಂದು ಸಲ ಮಾಡಿ ನೋಡಿ."

"ಅಂಕಲ್, ನೆಗೆಟಿವ್ ಆಗೋದು ಬೇಡ."

"ಹತ್ತು ಜನರ ಮನೆ ಕೆಡಿಸಿದೀರಿ, ಇನ್ನೇನು ನೆಗೆಟಿವ್?"

ದೋಸೆಯ ಟೀಚರು ನನ್ನ ಪಕ್ಷ ವಹಿಸಿದರು. ಬ್ರದರ್ ಮುಗುಳ್ನಕ್ಕು ಮುಂದಿನ ಸ್ಲೈಡಿಗೆ ಹೋದರು. ಆ ಮನುಷ್ಯನನ್ನು ನಾನು ಈಗಲೂ ಮೆಚ್ಚುವುದಿಲ್ಲ. ಆದರೆ ಅವರನ್ನು ತಿದ್ದಲು ಹೋಗಿ ಬಾಯಿಂದ ಬಿದ್ದ ಮಾತು ನನ್ನನ್ನೇ ಮನೆವರೆಗೆ ಹಿಂಬಾಲಿಸಿತು. ಭಾವನ ತಪ್ಪುಗಳನ್ನು ಆರು ವರ್ಷ ಜೋಪಾನ ಮಾಡಿದ್ದೆ. ಆ ಗಲಾಟೆಯಲ್ಲಿ ಅಕ್ಕನಿಗೆ ನಾನು ಮಾಡಿದ್ದನ್ನು ಒಂದು ದಿನವೂ ತಪ್ಪೆಂದು ಕರೆದಿರಲಿಲ್ಲ. ಆ ಮಿಶನರಿ ಸೂರ್ಯೋದಯದ ಮುಂದೆ ನಿಲ್ಲುವ ಸಂತರಾಗಿದ್ದರೆ ನಾನು ಅವರನ್ನು ನಂಬುತ್ತಿರಲಿಲ್ಲ. ಎರಡು ಸಲ ಹೋಗಿ, ನೀರಿನವನು ಹೊರಗೆ ಬಾರದಿದ್ದಾಗ ಸಿಡುಕುತ್ತಲೇ ವಾಪಸು ಬಂದವರಾದ್ದರಿಂದ ನಂಬಬೇಕಾಯಿತು.

ಹೆಸರು ಕೊಡುವ ಶುಕ್ರವಾರ ಮಧ್ಯಾಹ್ನ ಮತ್ತೆ ಇಟ್ಟಮಡುವಿಗೆ ಹೋದೆ. ಭಾವ ಬ್ಯಾಂಕಿಗೆ ಹೋಗಿದ್ದರು. ಅಕ್ಕ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ನಿಂತೇ ಇದ್ದೆ. ಕೂರು ಎಂದು ಅವಳು ಹೇಳಲಿಲ್ಲ.

"ಅಕ್ಕ, ಆವತ್ತು ನಾನು ಮನೇಲೇ ಇದ್ದೆ."

"ಗೊತ್ತು."

"ಸೂಟ್ ಹಾಕ್ಕೊಂಡು ಕೂತಿದ್ದೆ. ಮೂರು ಗಂಟೆವರೆಗೂ."

ಅವಳ ಕೈ ಒಂದು ಕ್ಷಣ ನಿಂತಿತು. "ಅದು ಗೊತ್ತಿರ್ಲಿಲ್ಲ." ಮತ್ತೆ ಬಿಡಿಸತೊಡಗಿದಳು. "ಊಟ ಮಾಡಿದ್ಯಾ?"

"ಆವತ್ತಾ? ಮಾಡ್ದೆ. ಮೊಸರನ್ನ."

"ಉಪವಾಸ ಇದ್ದೆ ಅಂದಿದ್ರೆ ನನಗೆ ಸ್ವಲ್ಪ ಸಮಾಧಾನ ಆಗ್ತಿತ್ತು."

"ತಪ್ಪು ನಂದು ಅಕ್ಕ. ಭಾವಂದಲ್ಲ, ಇಂಗ್ಲಿಷಿಂದಲ್ಲ. ನಂದು."

ಅವಳು ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು. "ನಾಲ್ಕು ವರ್ಷ ಆಯ್ತು. ನಾಲ್ಕು ನಿಮಿಷದಲ್ಲಿ ಹೂಂ ಅನ್ಬೇಕಾ ನಾನು? ಇವತ್ತು ಹೆಸರು ಕೊಡೋ ದಿನ ಅಂತ ತಾನೇ ಬಂದಿರೋದು?"

ಹೌದು ಎಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. ಅವಳು ನನ್ನನ್ನು ಎತ್ತಿ ಆಡಿಸಿದವಳು.

"ಹೋಗು," ಎಂದಳು.

ಚರ್ಚಿಗೆ ಹೋಗಲಿಲ್ಲ. ಮನೆಗೆ ಹೋದೆ.

ಭಾನುವಾರ ಎರಡು ಸಭೆಗಳೂ ಸೇರಿ ಚರ್ಚ್ ಕಿಕ್ಕಿರಿದಿತ್ತು. ಭೋಜನದ ಹೊತ್ತಿಗೆ ಬೆಂಚು ಬೆಂಚಾಗಿ ಜನ ಎದ್ದು ಮುಂದೆ ನಡೆದರು. ತಮಾಷೆಯೆಂದರೆ ಊರಲ್ಲಿ ಅಷ್ಟೊಂದು ಜಗಳ ಹಬ್ಬಿದ್ದರೂ ಪುಸ್ತಕದಲ್ಲಿ ಬಹುಮಟ್ಟಿಗೆ ಎಲ್ಲರ ಹೆಸರೂ ಇತ್ತು. ನನ್ನ ಬೆಂಚಿನವರು ನನ್ನ ಮೊಣಕಾಲು ದಾಟಿಕೊಂಡು ಹೋದರು. ಹೋಗುವಾಗ ಪ್ರತಿಯೊಬ್ಬರೂ ಒಮ್ಮೆ ನೋಡಿದರು. ಅರ್ಧ ಚರ್ಚ್ ಖಾಲಿಯಾದಾಗ, ಎರಡು ಸಾಲು ಮುಂದೆ ಇನ್ನೊಂದು ಬೋಳುತಲೆ ಕೂತೇ ಇರುವುದು ಕಂಡಿತು. ಅದು ತಿರುಗಿ ನೋಡಿತು. ಎದ್ದು, ಹಿಂದೆ ಬಂದು, ನನ್ನ ಪಕ್ಕದಲ್ಲಿ ಕೂತಿತು.

"ಆ ಕಡೆ ಸರಿ," ಎಂದರು ಭಾವ.

"ಇಡೀ ಬೆಂಚು ಖಾಲಿ ಇದೆ."

"ಫ್ಯಾನ್ ಗಾಳಿ ನೀನು ಕೂತಿರೋ ಕಡೆನೇ ಬರ್ತಿದೆ."

ಸರಿದೆ. ಆಮೇಲೆ ನಾನೇ ಕೇಳಿದೆ: "ನೀವ್ಯಾಕೆ ಹೆಸರು ಕೊಡ್ಲಿಲ್ಲ?"

"ಕೊಡೋಕೆ ಹೋದೆ. ಪೆನ್ನು ತೆಗೆದೆ. ಹಿಂದೆ ನಿಮ್ಮಕ್ಕ ನಿಂತಿದ್ಲು." ಭಾವ ಕನ್ನಡಕ ತೆಗೆದು ಒರೆಸಿದರು. "ಮದುವೇಲಿ ಒಂದೇ ಒಂದು ಕನ್ನಡ ಕೀರ್ತನೆ ಇರ್ಲಿ ಅಂತ ಕೇಳಿದ್ಲು ಅವಳು. ಒಂದು ಇಟ್ರೆ ನೀನು ಗೆದ್ದಂಗೆ ಆಗತ್ತೆ ಅಂತ ನಾನು ಇಡ್ಲಿಲ್ಲ."

ಆರು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಬುದ್ಧಿಯ ಮಾತು ಅದು ಎಂದು ನನಗನ್ನಿಸಿತು. ಹೇಳಲಿಲ್ಲ. ನನ್ನದನ್ನು ಹೇಳಿದೆ: "ನನಗೂ ಅವಳು ಹೂಂ ಅಂದಿಲ್ಲ."

"ನಿನಗೆ ಅಂದು ನನಗೆ ಅನ್ನದೇ ಇದ್ದಿದ್ರೆ ನಾನು ಎದ್ದು ಹೋಗ್ತಿದ್ದೆ," ಎಂದರು ಭಾವ.

ಅಷ್ಟರಲ್ಲಿ ಅಕ್ಕ ಭೋಜನ ತೆಗೆದುಕೊಂಡು ಸೆರಗು ಹೊದ್ದು ಹಿಂದಿರುಗುತ್ತಿದ್ದಳು. ಮನಸ್ತಾಪ ಅವಳಿಗೂ ಇತ್ತು; ಹೆಸರು ಹೇಗೆ ಬರೆಸಿದಳೆಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ತನ್ನ ಜಾಗಕ್ಕೆ ಹೋಗದೆ ನಮ್ಮ ಬೆಂಚಿನ ತುದಿಗೆ ಬಂದು ನಿಂತಳು. ತನ್ನವರೆಂದು ಅವಳಿಗಿದ್ದ ಇಬ್ಬರು ಗಂಡಸರೂ ಸಾಲಾಗಿ ಕೂತಿದ್ದರು, ಹೆಸರಿಲ್ಲದೆ. ಅವಳು ಬಗ್ಗಿ, ಪ್ರಾರ್ಥನೆಯ ದನಿಯಲ್ಲಿ ಹೇಳಿದಳು:

"ಶನಿವಾರ ಇಬ್ಬರೂ ತಲಘಟ್ಟಪುರಕ್ಕೆ ಹೋಗಿ. ಮಗಳ ಮನೆಗೆ. ಅವಳ ಮದುವೆ ಅದು, ನಂದಲ್ಲ. ಅವಳ ಮುಂದೆ ಹೇಳಿ. ಆಮೇಲೆ ನನ್ನ ಹತ್ರ ಬನ್ನಿ."

"ನೀನು?" ಎಂದರು ಭಾವ.

"ನಾನು ಬರಲ್ಲ."

"ಅಂದ್ರೆ ಇವನ ಜೊತೆ ಒಂದೇ ಕಾರಲ್ಲಿ ಒಂದು ಗಂಟೆ ಕೂರ್ಬೇಕಾ ನಾನು?"

"ಬರೋವಾಗ ಇನ್ನೊಂದು ಗಂಟೆ," ಎಂದಳು ಅಕ್ಕ, ಮತ್ತು ತನ್ನ ಜಾಗಕ್ಕೆ ಹೋಗಿ ಮೊಣಕಾಲೂರಿದಳು.