ಕಾಕಾ ಸೀರೆ ಉಟ್ಟು ಎಮ್ಮೆ ಹಿಂಡಿದ್ದು

ಕಲಬುರಗಿಯ ಬ್ರಹ್ಮಪುರದಲ್ಲಿದ್ದ ನಮ್ಮ ಬಂಧುಗಳು ನಮ್ಮನ್ನು ‘ಕಂಟಿಯವರು’ ಎಂದು ಕರೆಯುತ್ತಿದ್ದರು. ಕರೆಯಲಿ ಬಿಡಿ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕಮಲಾಪುರದಲ್ಲಿ ಬಸ್ಸಿಳಿದು, ಡಾಂಬರು ರಸ್ತೆ ಬಿಟ್ಟು, ಕೆಂಪು ಮಣ್ಣಿನ ಗಾಡಿದಾರಿಯಲ್ಲಿ ಎರಡು ಮೈಲಿ ನಡೆದರೆ ನಮ್ಮ ಹೊಲ. ಮೂರು ಕಡೆ ಜಾಲಿ ಮತ್ತು ಬಾರಿಯ ಮುಳ್ಳುಕಂಟಿ, ನಾಲ್ಕನೆಯ ಕಡೆ ಕಲ್ಲುಗುಡ್ಡ. ನಡುವೆ ಒಂದು ಬಾವಿ, ಬಾವಿಯ ಸುತ್ತ ಅಜ್ಜನ ಕೆಂಪು ಬಾಳೆಯ ತೋಟ, ಅದರಾಚೆ ಮಳೆ ನಂಬಿದ ತೊಗರಿ ಮತ್ತು ಜೋಳ. ಹೊಲದಲ್ಲೇ, ಬಾವಿಗೆ ಹೊಂದಿಕೊಂಡು ಮನೆ, ಮನೆಯೊಳಗೆ ಇಪ್ಪತ್ತೊಂದು ಜನ. ಎಂಬತ್ತರ ದಶಕದ ನಡುವಿನ ಮಾತು ಇದು. ನನಗಾಗ ಹತ್ತು ವರ್ಷ, ಆ ವಯಸ್ಸಿಗೆ ಇರಬೇಕಾದದ್ದಕ್ಕಿಂತ ನಾಲಿಗೆ ಸ್ವಲ್ಪ ಉದ್ದ.

ಇಪ್ಪತ್ತೊಂದು ಜನ ಒಂದೇ ಸೂರಿನಡಿ ಇರುವುದೆಂದರೆ ಏನೆಂದು ಈಗಿನವರಿಗೆ ಹೇಳಿದರೆ ತಿಳಿಯುವುದಿಲ್ಲ. ಮೊದಲು ಎದ್ದವರಿಗೆ ಒಳ್ಳೆಯ ಚಪ್ಪಲಿ, ಕೊನೆಗೆ ಎದ್ದವರಿಗೆ ಎರಡೂ ಎಡಗಾಲಿನವು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಒಬ್ಬರನ್ನು ಬೈಯಬೇಕಾದರೆ ನಾಲ್ವರ ಹೆಸರು ಹೇಳಿ ಐದನೆಯದಕ್ಕೆ ಸರಿಯಾದ ಹೆಸರು ಹಿಡಿಯುತ್ತಿದ್ದಳು. ಹಾಗಾಗಿ ಅವಳ ಬೈಗುಳ ಎಂದೂ ವ್ಯರ್ಥವಾಗುತ್ತಿರಲಿಲ್ಲ, ಮನೆಯ ಎಲ್ಲ ಮಕ್ಕಳಿಗೂ ಅಷ್ಟಷ್ಟು ಸಿಗುತ್ತಿತ್ತು.

ಇಷ್ಟು ಜನರ ಚಹಾ, ಮಜ್ಜಿಗೆ, ದೇವರ ನೈವೇದ್ಯ ಎಲ್ಲವೂ ಒಂದು ಎಮ್ಮೆಯ ಮೇಲೆ ನಿಂತಿತ್ತು. ಆ ಎಮ್ಮೆ ನಿಂತಿದ್ದು ನಮ್ಮ ಅತ್ಯಾಳ ಮೇಲೆ. ಅತ್ಯಾ ಅಪ್ಪನ ಕೊನೆಯ ತಂಗಿ, ಇಪ್ಪತ್ತು ವರ್ಷದವಳು. ಅವಳು ಕುಳಿತರೆ ಮಾತ್ರ ಎಮ್ಮೆ ಹಾಲಿಳಿಸುತ್ತಿತ್ತು. ನನ್ನ ಅವ್ವ ಕುಳಿತರೆ ಬಾಲ ಬೀಸಿ ಮುಖಕ್ಕೆ ಹೊಡೆಯುತ್ತಿತ್ತು, ಚಿಕ್ಕಮ್ಮನಾದ ಕಾಕು ಕುಳಿತರೆ ಒದೆಯುತ್ತಿತ್ತು, ಅಜ್ಜ ಹತ್ತಿರ ಬಂದರೆ ಸಾಕು, ಸೆಗಣಿ ಹಾಕುತ್ತಿತ್ತು. ಎಮ್ಮೆ ಅತ್ಯಾಳ ಹಸಿರು ಸೀರೆಯ ಗುರುತು ಹಿಡಿದಿದೆ ಎಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ಹಿಂಡಲು ಒಮ್ಮೆಯೂ ಕುಳಿತು ನೋಡದವಳು ಆಯಿ ಒಬ್ಬಳೇ. ಅವಳು ಬೆಳಗಿನ ಸ್ನಾನ ಮುಗಿಸಿ ಮಡಿಸೀರೆ ಉಟ್ಟರೆ ಪೂಜೆ, ಅಡುಗೆ ಮುಗಿಯುವವರೆಗೆ ಮನುಷ್ಯರನ್ನೇ ಮುಟ್ಟುತ್ತಿರಲಿಲ್ಲ, ಇನ್ನು ಎಮ್ಮೆಯನ್ನು ಎಲ್ಲಿ ಮುಟ್ಟುತ್ತಾಳೆ. ಸಂಜೆಯಾದರೆ ಮೊಣಕಾಲು ನೋವು ಅನ್ನುತ್ತಿದ್ದಳು.

ಈ ಎಮ್ಮೆಯಿಂದಾಗಿ ಅತ್ಯಾಳಿಗೆ ಬಂದ ಎರಡು ಸಂಬಂಧಗಳು ತಪ್ಪಿಹೋಗಿದ್ದವು. ಮೊದಲನೆಯದು ಬಂದಾಗ ಆಯಿ, “ಎಮ್ಮಿ ಬತ್ತಲಿ, ಆಮ್ಯಾಲ ನೋಡೂಣು” ಎಂದಳು. ಎರಡನೆಯದು ಬರುವ ಹೊತ್ತಿಗೆ ಎಮ್ಮೆ ಬತ್ತಿತ್ತು. ಆಗ, “ಎಮ್ಮಿ ಈಯಲಿ, ಆಮ್ಯಾಲ ನೋಡೂಣು” ಎಂದಳು. ಆ ಎರಡನೆಯ ವರ ಮಹಾಶಯ ನೋಡಲು ಬಂದ ದಿನ ಹುಡುಗಿಗಿಂತ ಹೆಚ್ಚಾಗಿ ಕೆಂಪು ಬಾಳೆಹಣ್ಣನ್ನೇ ನೋಡಿದ್ದ. ಅವನು ಕೈತಪ್ಪಿದ್ದಕ್ಕೆ ಮನೆಯಲ್ಲಿ ಯಾರೂ ಅಳಲಿಲ್ಲ, ಅತ್ಯಾಳಂತೂ ಆ ಸಂಜೆ ಹಾಡು ಹೇಳುತ್ತ ಕಸ ಗುಡಿಸಿದಳು.

ಇದೆಲ್ಲ ಸರಿಯಾಗಿಯೇ ನಡೆದಿತ್ತು, ಕಲಬುರಗಿಯಿಂದ ಆ ಕಾಗದ ಬರುವವರೆಗೆ. ಅತ್ಯಾಳಿಗೆ ಶಿಕ್ಷಕಿಯರ ತರಬೇತಿಗೆ ಸೀಟು ಸಿಕ್ಕಿತ್ತು. ಎರಡು ವರ್ಷದ ಕಲಿಕೆ, ಬ್ರಹ್ಮಪುರದ ಬಂಧುಗಳ ಮನೆಯಲ್ಲಿ ವಾಸ, ಮುಂದಿನ ಸೋಮವಾರ ಬಂದು ಸೇರಬೇಕು, ಬಾರದಿದ್ದರೆ ಸೀಟು ಬೇರೆಯವರಿಗೆ. ಅತ್ಯಾ ಅರ್ಜಿ ಹಾಕಿದ್ದು ಕಾಕಾನಿಗೆ ಮಾತ್ರ ಗೊತ್ತಿತ್ತು. ಕಾಕಾ ಅಪ್ಪನ ತಮ್ಮ, ಅತ್ಯಾಳಿಗಿಂತ ಎರಡೇ ವರ್ಷ ದೊಡ್ಡವನು, ಎರಡೂ ಕಡೆ ತಿರುವಿದ ಮೀಸೆಯವನು. ಅವನೇ ಕಾಗದವನ್ನು ಎಲ್ಲರ ಮುಂದೆ ಓದಿದ. ಅಜ್ಜ ತಲೆಯಾಡಿಸಿದ, ಅಪ್ಪ ಚಲೋ ಆಯಿತು ಎಂದ. ಆಯಿ ಒಂದೇ ಮಾತು ಕೇಳಿದಳು.

“ಎಮ್ಮಿ ಯಾರು ಹಿಂಡಬೇಕು?”

ಕಾಕಾ ಕಾಗದ ಮಡಚಿದ. ಅತ್ಯಾಳ ಮುಖ ನೋಡಲಾಗುತ್ತಿರಲಿಲ್ಲ.

ಆ ಸಂಜೆ ನಾನು ಪಾತ್ರೆ ತಿಕ್ಕುವ ಕೆಲಸದಿಂದ ತಪ್ಪಿಸಿಕೊಂಡು ಕೊಟ್ಟಿಗೆಯಲ್ಲಿ ಜೋಳದ ಕಣಕಿಯ ರಾಶಿಯ ಹಿಂದೆ ಅಡಗಿದ್ದೆ. ಅತ್ಯಾ ಹಿಂಡಲು ಬಂದಳು. ಅತ್ತಿತ್ತ ನೋಡಿ ಉಡಿಯಿಂದ ಏನೋ ತೆಗೆದು ಎಮ್ಮೆಯ ಬಾಯಿಗಿಟ್ಟಳು. ಎಮ್ಮೆ ಕಣ್ಣು ಅರ್ಧ ಮುಚ್ಚಿ ಮೆಲ್ಲತೊಡಗಿತು, ಬಕೆಟ್ಟಿಗೆ ಹಾಲು ಸುರಿಯತೊಡಗಿತು. ಬೆಲ್ಲ! ಉಗ್ರಾಣದ ಬೆಲ್ಲ! ಎರಡು ವರ್ಷದಿಂದ ಆಯಿ ಬೆಲ್ಲದ ಪೆಂಟೆ ಸವೆಯುತ್ತಿದೆ ಎಂದು ಹುಣಸೆಯ ಬರಲು ಹಿಡಿದು ನಮ್ಮನ್ನು ಅಟ್ಟಿಸಿಕೊಂಡು ಬರುತ್ತಿದ್ದುದು ಈ ಬೆಲ್ಲಕ್ಕೆ. ಎಲ್ಲರಿಗಿಂತ ಹೆಚ್ಚು ಪೆಟ್ಟು ಬಿದ್ದದ್ದು ನನಗೆ. ಸಿಟ್ಟು ನೆತ್ತಿಗೇರಿತು. ಕಣಕಿಯಿಂದ ಎದ್ದು ನಿಂತು, “ಕಳ್ಳಿ!” ಎಂದೆ.

ಅತ್ಯಾ ಬೆಚ್ಚಿ ಬಿದ್ದಳು. “ಏ, ಸುಮ್ಮನಿರ. ಜೋರ್ ಮಾತಾಡಬ್ಯಾಡ.”

“ಆಯಿಗೆ ಹೇಳ್ತೀನಿ.”

“ಹೇಳು. ಹೇಳಿದರ ನಾ ಜನ್ಮದಾಗ ಕಲಬುರ್ಗಿ ನೋಡಂಗಿಲ್ಲ.” ಅವಳ ಕಣ್ಣಲ್ಲಿ ನೀರು ತುಂಬಿತು. “ಮದುವಿ ತಪ್ಪಿಸ್ಕೊಳ್ಳಾಕ ಬೆಲ್ಲದ ರೂಢಿ ಹಾಕಿದೆ. ಈಗ ಅದ ನನ್ನ ಕೊರಳಿಗೆ ಬಂದದ. ಸುಳ್ಳು ಹೇಳಿದೆ ಅಂತ ಗೊತ್ತಾದರ ನಮ್ಮವ್ವ ನನ್ನ ಮನಿ ಬಿಟ್ಟು ಕಳಸ್ತಾಳೇನು?”

ನನಗೆ ಅವಳ ಮೇಲೆ ಕನಿಕರ ಬಂತು ಎಂದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ವ್ಯಾಪಾರದ ಬುದ್ಧಿ. ಕಲಬುರಗಿಯಿಂದ ಬರುವಾಗ ನನಗೊಂದು ಬಣ್ಣದ ಪೆನ್ಸಿಲ್ಲಿನ ಡಬ್ಬಿ ತರಬೇಕು, ಬೇರೆ ಯಾವ ಮಕ್ಕಳಿಗೂ ಅದನ್ನು ಮುಟ್ಟಲು ಕೊಡಬಾರದು ಎಂದು ಆಣೆ ಮಾಡಿಸಿಕೊಂಡೆ. ಆಮೇಲೆ ಇಬ್ಬರೂ ಕೂಡಿ ಉಪಾಯ ಹೂಡಿದೆವು. ಎಮ್ಮೆಗೆ ಸೀರೆಯ ಗುರುತಿದೆ ಎಂದು ಮನೆಯವರು ನಂಬಿದ್ದಾರಲ್ಲ, ಆ ನಂಬಿಕೆ ಹಾಗೇ ಇರಲಿ. ಬೇರೆ ಯಾರಾದರೂ ಆ ಹಸಿರು ಸೀರೆ ಉಟ್ಟು ಕೂಡಲಿ. ನಾನು ಎಮ್ಮೆಯ ಮುಂದೆ ಕರುವಿನ ಹಗ್ಗ ಹಿಡಿದು ನಿಂತು, ಯಾರಿಗೂ ಕಾಣದಂತೆ ಬೆಲ್ಲ ಬಾಯಿಗಿಡುವುದು.

ಮಾರನೆಯ ದಿನ ಊಟದ ಹೊತ್ತಿಗೆ ನಾನೇ ಈ ಸೀರೆಯ ಮಾತು ಎತ್ತಿದೆ. ನನ್ನ ಅವ್ವ ಒಲ್ಲೆ ಎಂದಳು, ಕಾಕುವಿಗೆ ಹಳೆಯ ಒದೆತದ ನೆನಪಿತ್ತು. ಆಗ ಕಾಕಾ ಮೀಸೆ ತಿರುವಿ, “ಸೀರಿನ ನೋಡ್ತದಲ್ಲ ಅದು? ತರ್ರಿ, ನಾ ಉಡ್ತೀನಿ” ಎಂದ. ಮಕ್ಕಳು ಹೋ ಎಂದು ಕೂಗಿದವು. ಆಯಿ ನಗಲಿಲ್ಲ.

“ನಿನಗ ಅದು ಹಾಲು ಇಳಿಸಿದರ ಇಕಿ ಹೋಗಲಿ. ಎಲ್ಲಾರ ಮುಂದ ಹೇಳ್ಲಕತ್ತೀನಿ. ಇಳಿಸದಿದ್ದರ ಆ ಕಾಗದ ಒಲಿಗೆ ಹಾಕ್ತೀನಿ” ಎಂದಳು.

ಪರೀಕ್ಷೆ ರವಿವಾರ ಸಂಜೆಗೆ ನಿಗದಿಯಾಯಿತು. ಅತ್ಯಾ ನನ್ನ ಮುಷ್ಟಿಗೆ ನಿಂಬೆಹಣ್ಣಿನಷ್ಟು ಬೆಲ್ಲ ಇಟ್ಟು, “ನಿನ್ನ ಕೈಯಾಗ ಅದ ನೋಡು ಎಲ್ಲಾ” ಎಂದಳು. ನಾನು ಕೊಟ್ಟಿಗೆಯಲ್ಲಿ ಕರು ಹಿಡಿದು ಕಾದೆ. ಕಾಕಾ ಬೇಗ ಬರಬೇಕಿತ್ತು. ಆದರೆ ಒಳಗೆ ಅವನಿಗೆ ಸೀರೆ ಉಡಿಸುವುದು ಮುಗಿಯುತ್ತಲೇ ಇರಲಿಲ್ಲ. ನಿರಿಗೆ ಹಿಡಿದರೆ ಸೆರಗು ಸಾಲದು, ಸೆರಗು ಬಿಟ್ಟರೆ ನಿರಿಗೆ ಜಾರುತ್ತದೆ. ಬಳೆ ಕೈಗೆ ಸುಲಭವಾಗಿ ಏರುತ್ತಿಲ್ಲ. ನಗು ಕೊಟ್ಟಿಗೆಯವರೆಗೆ ಕೇಳುತ್ತಿತ್ತು. ನನ್ನ ಮುಷ್ಟಿ ಬೆವೆತು ಬೆಲ್ಲ ಅಂಟತೊಡಗಿತು. ಅಂಟಿದ್ದನ್ನು ಮಾತ್ರ ನೆಕ್ಕಿದೆ. ತಿನ್ನದ ಬೆಲ್ಲಕ್ಕೆ ಅಷ್ಟು ಪೆಟ್ಟು ತಿಂದವಳು ನಾನು, ಒಂದು ಚೂರು ನನ್ನದೇ ಹಕ್ಕು ಅನ್ನಿಸಿತು. ಆಮೇಲೆ ಇನ್ನೊಂದು ಚೂರು. ಎಮ್ಮೆಗೆ ಇಷ್ಟು ದೊಡ್ಡ ತುಂಡು ಏಕೆ ಬೇಕು ಎಂದುಕೊಂಡು ಮತ್ತೊಂದು ಚೂರು. ಕಾಕಾ ಸೆರಗು ಹೊದ್ದು, ಬಳುಕುತ್ತ, ಇಡೀ ಮನೆಯನ್ನು ಹಿಂದೆ ಕಟ್ಟಿಕೊಂಡು ಕೊಟ್ಟಿಗೆಗೆ ಬಂದಾಗ ನನ್ನ ಕೈಯಲ್ಲಿ ವಾಸನೆ ಮಾತ್ರ ಉಳಿದಿತ್ತು.

ಕಾಕಾ ಕುಕ್ಕರಗಾಲಿನಲ್ಲಿ ಕುಳಿತ. ಎಮ್ಮೆ ನನ್ನ ಕಡೆ ತಿರುಗಿತು. ನಾನು ಖಾಲಿ ಅಂಗೈ ಚಾಚಿದೆ. ಅದು ನೆಕ್ಕಿತು, ಇನ್ನೊಮ್ಮೆ ನೆಕ್ಕಿತು, ಬಕೆಟ್ಟಿನಲ್ಲಿ ಒಂದೇ ಒಂದು ಧಾರೆ ಚುಂಯ್ ಎಂದಿತು. ಅತ್ಯಾ ಕೈಮುಗಿದು ನಿಂತಿದ್ದಳು. ಮೂರನೆಯ ಸಲ ನೆಕ್ಕಿದ ಎಮ್ಮೆಗೆ ಮೋಸ ತಿಳಿಯಿತು. ಮೂಗಿನಿಂದ ಒಮ್ಮೆ ಬುಸ್ಸೆಂದು, ಹಿಂದಿನ ಕಾಲು ಎತ್ತಿ ಒದೆಯಿತು.

ಬಕೆಟ್ಟು ಗೋಡೆಗೆ ಬಡಿಯಿತು, ಕಾಕಾ ಸೆಗಣಿಗೆ ಬಿದ್ದ. ಎದ್ದವನೇ ಅರ್ಧ ಬಿಚ್ಚಿದ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅಂಗಳಕ್ಕೆ ಓಡಿದ. ಸರಿಯಾಗಿ ಅದೇ ಹೊತ್ತಿಗೆ ಕಲಬುರಗಿಯ ಕೋಟೆಯ ಕಡೆಯಿಂದ ಬಾಳೆಗೊನೆ ಕೊಳ್ಳಲು ಬರುತ್ತಿದ್ದ ಭಾಯಿ ಬಾಗಿಲಲ್ಲಿ ಕಾಲಿಟ್ಟರು. ಸೀರೆ ಕಂಡದ್ದೇ ತಡ, ಆ ಮರ್ಯಾದಸ್ಥ ಮನುಷ್ಯ ಗಕ್ಕನೆ ಬೆನ್ನು ತಿರುಗಿಸಿ ನಿಂತು, “ಮಾಫ್ ಮಾಡ್ರಿ ಅಕ್ಕಾರ, ಗೊತ್ತಾಗ್ಲಿಲ್ಲ. ಅಜ್ಜಾ ಅವರಿಗೆ ಗೊನಿ ನೋಡ್ಲಕ ಬಂದೀನಿ ಅಂತ ಹೇಳ್ರಿ” ಎಂದರು.

ಕಾಕಾ ತಾನು ಉಟ್ಟದ್ದನ್ನು ಮರೆತು, ತನ್ನ ಗಡಸು ದನಿಯಲ್ಲಿ, “ಬರ್ರಿ ಭಾಯ್, ಒಳಗ ಬರ್ರಿ” ಎಂದ.

ಭಾಯಿ ತಿರುಗಿ ನೋಡಿದರು. ಮೊದಲು ಬಳೆ, ಆಮೇಲೆ ಮೀಸೆ. “ಯಾ ಅಲ್ಲಾ” ಎಂದವರು ಬಾವಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಅಜ್ಜ ನಗುತ್ತ ಕಣ್ಣೊರೆಸಿಕೊಂಡ, ಮಕ್ಕಳು ನೆಲಕ್ಕೆ ಬಿದ್ದು ಹೊರಳಾಡಿದವು. ನಾನೂ ನಕ್ಕೆ. ನಗುತ್ತಿರುವಾಗಲೇ ಅತ್ಯಾಳನ್ನು ನೋಡಿದೆ.

ಅವಳು ಒಳಗೆ ಹೋಗಿ ಟ್ರಂಕಿನಿಂದ ಬಟ್ಟೆಗಳನ್ನು ಹೊರಗೆ ತೆಗೆಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ.

“ತಿಂದಿ ಏನು?” ಎಂದು ಕೇಳಿದಳು.

“ಹೂಂ.”

ಅವಳು ಹೊಡೆಯಲಿಲ್ಲ, ಬೈಯಲಿಲ್ಲ. ಒಂದು ಕುಪ್ಪಸ ಮಡಚಿ ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದಳು. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ನನ್ನ ಹೊಟ್ಟೆಬಾಕತನ ಅವಳ ಬದುಕನ್ನು ನುಂಗಿತು ಎಂದು ನನಗೆ ತಿಳಿಯಿತು.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಆಯಿ ಬಾವಿಯ ಬಳಿ ಸ್ನಾನ ಮುಗಿಸಿ, ಮಡಿಸೀರೆಯಲ್ಲಿ ತಾಮ್ರದ ಕೊಡ ಹಿಡಿದು ಬರುತ್ತಿದ್ದಳು. ನಾನು ಮಾರು ದೂರ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಉಡಿಯ ಬೆಲ್ಲ, ಎಮ್ಮೆಯ ರೂಢಿ, ತಪ್ಪಿಸಿದ ಮದುವೆ, ನಾನು ತಿಂದದ್ದು. ಪೆನ್ಸಿಲ್ಲಿನ ಡಬ್ಬಿಯನ್ನು ಮಾತ್ರ ಬಿಟ್ಟೆ.

ಆಯಿ ಕೊಡ ಇಳಿಸಲಿಲ್ಲ. “ಗೊತ್ತದ” ಎಂದಳು.

“ಗೊತ್ತದ? ಮತ್ತ ನನ್ನ ಯಾಕ ಹೊಡೀತಿದ್ದಿ?”

“ನೀನೂ ತಿಂತಿದ್ದಿ.”

ತಿನ್ನದ ಬೆಲ್ಲ ಎಂದು ಈವರೆಗೆ ನಿಮಗೂ ಹೇಳಿಕೊಂಡು ಬಂದೆ, ಒಮ್ಮೊಮ್ಮೆ ತಿನ್ನುತ್ತಿದ್ದುದು ನಿಜ.

ಆಯಿ ಕೊಡವನ್ನು ಇನ್ನೊಂದು ಕಡೆಯ ಸೊಂಟಕ್ಕೆ ಬದಲಿಸಿದಳು. “ಸಂಜಿಯಿಂದ ಅಕಿ ಊಟ ಮಾಡಿಲ್ಲ ಅಲ್ಲ?” ಎಂದಳು. ಇಲ್ಲ ಎಂದೆ. ಆಯಿ ದೇವರ ಮನೆಯ ಕಡೆ ಹೊರಟವಳು ತಿರುಗಿ, ಕೊಡವನ್ನು ಬಾವಿಯ ಕಟ್ಟೆಯ ಮೇಲಿಟ್ಟು, ಮಡಿಸೀರೆಯಲ್ಲೇ ಕೊಟ್ಟಿಗೆಗೆ ನಡೆದಳು. ನಾನು ಓಡಿಹೋಗಿ ಅತ್ಯಾಳ ಕೈ ಹಿಡಿದು ಎಳೆದುಕೊಂಡು ಬಂದೆ. ಹಿಂದೆಯೇ ಉಳಿದವರೂ ಬಂದರು.

ಆಯಿ ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿ ಕುಳಿತಿದ್ದಳು. ಕೈಯಲ್ಲಿ ಬೆಲ್ಲವಿಲ್ಲ, ಮೈಮೇಲೆ ಹಸಿರು ಸೀರೆಯಿಲ್ಲ. ಎಮ್ಮೆ ಬಾಲ ಕೂಡ ಅಲ್ಲಾಡಿಸದೆ ನಿಂತಿತ್ತು, ಬಕೆಟ್ಟು ತುಂಬುತ್ತಿತ್ತು.

“ಅವ್ವಾ, ನಿನಗ ಕೊಡ್ತದ ಇದು?” ಎಂದಳು ಅತ್ಯಾ.

ಆಯಿ ತಿರುಗಿ ನೋಡಲಿಲ್ಲ.

“ಕರು ಇದ್ದಾಗಿಂದ ನಾ ಸಾಕೀನಿ, ನನಗ ಕೊಡಂಗಿಲ್ಲೇನು? ಎರಡು ವರ್ಷದಿಂದ ನೀ ಅದಕ್ಕ ಬೆಲ್ಲ ತಿನಿಸಿದಿ, ನಾ ಮಡಿ ಅಂತ ನೆವ ಹೇಳಿ ದೂರ ನಿಂತೆ. ಇಬ್ಬರೂ ಸುಳ್ಳ ಹೇಳೀವಿ. ನಿನ್ನ ಬಿಟ್ಟಿರೂದು ನನಗ ಆಗ್ತಿರಲಿಲ್ಲ ಮಗಳ, ಎಮ್ಮಿಗಲ್ಲ.” ಹಾಲಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. “ತಲಿ ಹಿಕ್ಕೊ ಹೋಗು. ಬಸ್ಸು ತಪ್ಪಿದರ ನನ್ನ ಮನಸ್ಸು ಮತ್ತ ತಿರಗತದ.”