ಗಂಜಿ ಕುಡಿದ ಕಾರು

ಬೀದಿಯಲ್ಲಿಟ್ಟಿದ್ದ ನಮ್ಮ ಮಡಕೆಯನ್ನು ಡ್ರೈವರ್ ಎತ್ತಿ, ಕುದಿಯುತ್ತಿದ್ದ ಕಾರಿನ ರೇಡಿಯೇಟರಿಗೆ ಸುರಿಯತೊಡಗಿದ. ಅದು ನೀರಲ್ಲ, ನೂಲಿಗೆ ಹಚ್ಚುವ ತಿಳಿಗಂಜಿ ಎಂದು ನನಗೆ ಗೊತ್ತಿತ್ತು. ಆದರೂ ಸುಮ್ಮನೆ ನಿಂತಿದ್ದೆ.

ಕಾರು ನನ್ನ ದೊಡ್ಡಪ್ಪನ ಮಗ ನಂಜಣ್ಣನದು. ನಾವಿಬ್ಬರೂ ಒಂದೇ ಮಗ್ಗದಲ್ಲಿ ನೇಯಲು ಕಲಿತವರು. ಈಗ ಅವನದು ಎಂಟು ಸಿಲಿಂಡರಿನ ಕಾರು. ಮೊರಪ್ಪೂರಿನಿಂದ ಸೇಲಂಗೆ ರೈಲಿಗಿಂತ ಮುಂಚೆ ಬರುತ್ತದಂತೆ. ಅದರ ಕರಿ ಹೊಳಪಿನಲ್ಲಿ ನನ್ನ ಮುಖ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ನಂಜಣ್ಣ ಕಾರಿನಿಂದಿಳಿದು, ಗಂಜಿ ಹಚ್ಚಿ ದಾರಿ ಮುಚ್ಚುವಂತೆ ಬೀದಿಯುದ್ದಕ್ಕೂ ಎಳೆದು ಕಟ್ಟಿದ್ದ ನನ್ನ ಸೀರೆಯ ಉದ್ದನೂಲಿನ ಹಾಸನ್ನು ತೋರಿಸಿ ನಕ್ಕ.

“ನಿನ್ ಹಾಸು ಒಣಗ್ಲಿ ಅಂತ ಆಗ್ಲಿಂದ ನಿಂತಿವ್ನಿ ತಂಬಿ. ಈ ಮಹರಾಯ ಓಡಿದ್ರೆ ತಣ್ಗಿರ್ತಾನೆ, ನಿಂತ್ರೆ ಕುದೀತಾನೆ.”

“ಅಣ್ಣಾ, ಅದು ಗಂಜಿ!” ಎಂದು ಕೂಗಿದೆ. ಅಷ್ಟರಲ್ಲಿ ಮಡಕೆ ಬರಿದಾಗಿತ್ತು.

ಒಳಗೆ ಗಂಜಿ ಕಟ್ಟಿಕೊಂಡು ಆ ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿತು. ಯಾಕೆ ತಡವಾಗಿ ಕೂಗಿದೆ ಎಂದು ನಂಜಣ್ಣ ಕೇಳಲಿಲ್ಲ; ಮೊದಲೇ ನೋಡಿದ್ದೆ ಎಂದು ನಾನೂ ಹೇಳಲಿಲ್ಲ. ಆ ಸೀರೆಯನ್ನು ನೇಯ್ದು ಮುಗಿಸಿದೆ. ಹಾಸಿನಲ್ಲಿ ಒಂದು ಎಳೆಯೂ ಕಡಿದಿರಲಿಲ್ಲ.